ಹೆಂಗಸರಿಲ್ಲದ ಸುವಾರ್ತೆ

ಹೇಳಿದವಳು ನನ್ನಜ್ಜಿ ಪಟಾಲಮ್ಮ, ಬರೆದವಳು ನಾನು. ಇದರಲ್ಲಿ ಯಾರಿಗೂ ಅನುಮಾನ ಬೇಡ.

ಅಜ್ಜಿಗೆ ಓದು ಬಾರದು. ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಕೇಳಿ ಕಲಿತ ಯೇಸುವಿನ ಕಥೆಯನ್ನು ಬಡವನಹಳ್ಳಿಯ ನಮ್ಮ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುವ ಹೆಂಗಸರಿಗೆ ಹೇಳುತ್ತಾಳೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಎರಡು ಬೇಸಿಗೆ ಪಕ್ಕದಲ್ಲಿ ಕೂತು ಅವಳ ಮಾತನ್ನೆಲ್ಲ ಬರೆದಿಟ್ಟೆ. ನಮ್ಮ ಪ್ರಾರ್ಥನಾ ಮಂದಿರದ ಪಾಸ್ಟರ್ ನರಸಿಂಹರಾಜು ಅಚ್ಚು ಹಾಕಿಸುತ್ತೇನೆಂದು ತೆಗೆದುಕೊಂಡು ಹೋದರು.

ಶನಿವಾರ ಪುಸ್ತಕ ಬಂತು. ಮೇಲೆ ಅವರ ಹೆಸರು, ಹಿಂದೆ ಅವರ ಫೋಟೊ. ನಮ್ಮ ಹೆಸರು ಎಲ್ಲೂ ಇಲ್ಲ.

"ಹೆಸ್ರು ಹೋದ್ರೆ ಹೋಗ್ಲಿ ಕಣಮ್ಮ," ಅಂದಳು ಅಜ್ಜಿ. "ಮಾತು ನಾನು ಹೇಳ್ದಂಗೇ ಐತಾ?"

ಇರಲಿಲ್ಲ. ಅಜ್ಜಿಯ ಕಥೆಯಲ್ಲಿ ಭಾನುವಾರ ಬೆಳಗ್ಗೆ ಹೆಂಗಸರು ಯೇಸುವಿನ ಸಮಾಧಿಗೆ ಹೋಗುತ್ತಾರೆ. ಅದು ಬರಿದಾಗಿರುವುದನ್ನು ಕಂಡು ಓಡಿ ಬಂದು, ಯೇಸು ಮತ್ತೆ ಎದ್ದನೆಂದು ಹೇಳುತ್ತಾರೆ. ಗಂಡಸರು ನಂಬುವುದಿಲ್ಲ. ಇಲ್ಲಿಗೆ ಬಂದಾಗ ಜಗಲಿಯಲ್ಲಿ ಕುಟ್ಟುವ ಕೈಗಳೆಲ್ಲ ನಿಲ್ಲುತ್ತಿದ್ದವು. ಪುಸ್ತಕದಲ್ಲಿ ಗಂಡಸರೇ ಹೋಗಿ ನೋಡಿ ಬಂದಿದ್ದರು.

ಮರುದಿನ ಪ್ರಾರ್ಥನೆ ಮುಗಿದು ಪುಸ್ತಕ ಹಂಚುವಾಗ ಅಜ್ಜಿ ಎದ್ದು ನಿಂತಳು.

"ಪಾಸ್ಟ್ರೇ, ಹೆಂಗಸ್ರೆಲ್ಲಿ?"

"ಎಲ್ಲಾ ಇಲ್ಲೇ ಕೂತವ್ರಲ್ಲ, ಪಟಾಲಮ್ಮನೋರೇ!" ಜನ ನಕ್ಕರು.

"ಪುಸ್ತಕದಾಗೆ."

ಪಾಸ್ಟರ್ ದನಿ ತಗ್ಗಿಸಿದರು. "ಗಂಡಸರು ನಂಬಲಿಲ್ಲ ಅಂದ್ರೆ ಸಭೆಯ ಹಿರಿಯರಿಗೆ ಮುಜುಗರ ಆಗ್ತದೆ ಅಂತ ಸ್ವಲ್ಪ ತಿದ್ದಿದೆ. ಹೆಸರಿಗೂ ಬೇಜಾರು ಮಾಡ್ಕೋಬೇಡಿ. ಮತ್ತಾಯ, ಮಾರ್ಕ, ಲೂಕ, ಯೋಹಾನ ಅಂತೀವಲ್ಲ, ಬೈಬಲಲ್ಲಿ ಯೇಸುವಿನ ಕಥೆ ಹೇಳೋ ಆ ನಾಲ್ಕು ಸುವಾರ್ತೆಗಳನ್ನ ಬರೆದೋರು ಒಳಗೆಲ್ಲೂ ತಮ್ಮ ಹೆಸರು ಹೇಳ್ಕೊಂಡಿಲ್ಲ. ಆ ಹೆಸರುಗಳು ಆಮೇಲಿನೋರು ಇಟ್ಟಿದ್ದು ಅಂತ ಓದಿದೋರೇ ಹೇಳ್ತಾರೆ. ಪಟಾಲಮ್ಮ ಹೇಳಿದ್ದು ಅಂದ್ರೆ ಯಾರು ಓದ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ಆ ನಾಲ್ವರು ತಮ್ಮ ಹೆಸರು ಹೇಳಿಕೊಳ್ಳದ್ದರಿಂದ ಈ ಮನುಷ್ಯ ಕಲಿತದ್ದು ನಮ್ಮ ಹೆಸರು ಅಳಿಸುವುದನ್ನು!

ಅಜ್ಜಿ ಕೂರಲಿಲ್ಲ. "ಯಾರು ಬರೆದ್ರೋ ನಂಗೊತ್ತಿಲ್ಲ. ಅವ್ರು ಹೆಸ್ರು ಬುಟ್ರು, ಹೆಂಗಸ್ರನ್ನ ಬುಡ್ಲಿಲ್ಲ. ನಾಕು ಜನಾನೂ ಬುಡ್ಲಿಲ್ಲ. ನೀವು ಹೆಂಗಸ್ರನ್ನ ಬುಟ್ಬುಟ್ಟು ಹೆಸ್ರು ಇಟ್ಕಂಡ್ರಿ."

"ಓದೋಕೆ ಬರದೋರಿಗೆ ನಾಲ್ಕರಲ್ಲೂ ಏನೈತೆ ಅಂತ ಹೆಂಗೆ ಗೊತ್ತಾಯ್ತದೆ?" ಅಂದರು ಪಾಸ್ಟರ್.

ಮತ್ತೆ ನಗು. ಈ ಸಲ ಹೆಂಗಸರು ನಗಲಿಲ್ಲ.

ಸಭೆಯಲ್ಲಿ ನಾನು ಒಮ್ಮೆಯೂ ಬಾಯಿ ತೆರೆದವಳಲ್ಲ. ಎದ್ದು, ಮುಂದಿನ ಸಾಲಿನಲ್ಲಿದ್ದ ಹಿರಿಯರಾದ ಕುಮಾರಸ್ವಾಮಿಯವರ ಬೈಬಲ್ ಕೇಳಿದೆ. ಅವರು ಪಾಸ್ಟರ್ ಮುಖ ನೋಡಿದರು. ನಾನು ಕಾಯದೆ ಎತ್ತಿಕೊಂಡೆ. ಮತ್ತಾಯನ ಹೆಸರಿನದರಲ್ಲಿ ಹೆಂಗಸರು ಸಮಾಧಿಗೆ ಹೋದದ್ದನ್ನು ಓದಿದೆ. ಮಾರ್ಕನದನ್ನು ಓದಿದೆ. ಲೂಕನದರಲ್ಲಿ ಗಂಡಸರು ಆ ಹೆಂಗಸರ ಮಾತು ನಂಬದೆ ಹೋದದ್ದನ್ನೂ ಓದಿದೆ.

"ಸಾಕಮ್ಮ, ಗೊತ್ತಾಯ್ತು," ಅಂದರು ಪಾಸ್ಟರ್.

"ಇನ್ನೊಂದೈತೆ, ಯೋಹಾನಂದು," ಅಂದೆ.

ನಮ್ಮ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುವ ಈಶ್ವರಮ್ಮ ಹಿಂದಿನಿಂದ ಎದ್ದು ಬಂದು, ತನಗೆ ಹಂಚಿದ್ದ ಪುಸ್ತಕವನ್ನು ಪಾಸ್ಟರ್ ಮೇಜಿನ ಮೇಲೆ ವಾಪಸ್ ಹಾಕಿದಳು. "ಜೋರಾಗಿ ಓದವ್ವ," ಅಂದಳು.