ತೂಬಿಗಿಳಿಯದ ದಿನ

ಅಜ್ಜಂಪುರದ ಕಡೆಯ ನಮ್ಮೂರ ಕೆರೆಗೆ ನಾನೇ ನೀರಗಂಟಿ. ಗದ್ದೆಗಳಿಗೆ ನೀರು ಬಿಡಬೇಕಾದರೆ ಉಸಿರು ಬಿಗಿಹಿಡಿದು ಮುಳುಗಿ, ತಳದಲ್ಲಿರುವ ತೂಬಿನ ಬಾಯಿ ತೆಗೆಯುವುದು ನಮ್ಮ ಮನೆತನದ ಕೆಲಸ. ಇಪ್ಪತ್ತೆರಡು ವರ್ಷ ಮುಳುಗಿದ್ದೇನೆ. ಎಪ್ಪತ್ತೆಂಟನೇ ಇಸವಿಯ ಆ ಬೆಳಿಗ್ಗೆ ಮಾತ್ರ ಮುಳುಗಲಿಲ್ಲ.

ತೂಬು ತೆಗೆದು ಎರಡು ದಿನವಾಗಿದ್ದರೂ ಕಾಲುವೆಗೆ ನೀರು ಬಂದಿರಲಿಲ್ಲ. ಒಳಗೆ ಕಸ ಕಟ್ಟಿಕೊಂಡಿತ್ತು, ಇಳಿದು ಕೀಳಬೇಕಿತ್ತು. ಪಂಚೆ ಬಿಚ್ಚಿಟ್ಟು ದಡದಲ್ಲಿ ನೀರು ನೋಡುತ್ತ ನಿಂತೆ. ಕಾಲು ಮುಂದಕ್ಕೆ ಹೋಗಲೊಲ್ಲದು.

"ಯಾಕ್ಲಾ ತಿಮ್ಮರಾಯ, ನೀರ್ ಕಂಡ್ರೆ ಭಯನೇನ್ಲಾ?" ಏರಿಯ ಮೇಲಿಂದ ಪಟೇಲ ಕಲ್ಲೇಶಪ್ಪನವರು ಕೇಳಿದರು.

"ಇವತ್ತು ಬ್ಯಾಡ ಅನ್ನಿಸ್ತೈತೆ, ಪಟೇಲ್ರೇ."

"ಯಾಕೆ?"

"ಗೊತ್ತಿಲ್ಲ."

ಏರಿಯ ಮೇಲೆ ನೆರೆದಿದ್ದ ರೈತರೆಲ್ಲ ನಕ್ಕರು. ಕಾರಣ ಹೇಳಲಾರದವನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ನನಗೂ ನಾಚಿಕೆಯಾಯಿತು. ವಯಸ್ಸಾಯಿತು, ಹೆದರಿದೆ ಅಂದುಕೊಂಡೆ.

ನನ್ನ ತಮ್ಮ ಬೀರಯ್ಯ ಅಂಗಿ ಬಿಚ್ಚಿದ. "ನೀ ಕೂತ್ಕಳಣ್ಣ, ನಾ ಇಳೀತೀನಿ."

ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಸದ್ಯ, ನಾನು ಇಳಿಯುವುದು ತಪ್ಪಿತಲ್ಲ ಅನ್ನಿಸಿತು. ಆ ಪಾಪವನ್ನೂ ಹೇಳಿಬಿಡುತ್ತೇನೆ.

ಅವನು ಮುಳುಗಿದ ಸ್ವಲ್ಪ ಹೊತ್ತಿಗೇ ಕಾಲುವೆಗೆ ನೀರು ಭೋರೆಂದು ನುಗ್ಗಿತು. ಬೀರಯ್ಯ ಮೇಲೆ ಬರಲಿಲ್ಲ. ತೂಬಿನ ಬಾಯಲ್ಲಿ ತೋಳು, ತಲೆ ಸಿಕ್ಕಿಕೊಂಡಿದ್ದವನನ್ನು ಈಚೆಗೆ ಎಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರ. ತಲೆ ಬೋಳಿಸಿಕೊಳ್ಳಲು ಬಗ್ಗಿ ಕೂತಿದ್ದೆ. ಅತ್ತೂ ಅತ್ತೂ ಸಾಕಾಗಿತ್ತು, ಏನನ್ನೂ ಯೋಚಿಸುತ್ತಿರಲಿಲ್ಲ. ಆಗ ಕಣ್ಣಿಗೆ ಕಟ್ಟಿತು: ಆ ಬೆಳಿಗ್ಗೆ ತೂಬಿನ ನೇರಕ್ಕೆ ನೀರಿನ ಮೇಲೆ ಎರಡು ಹೊಂಗೆ ಎಲೆಗಳು ಮೆಲ್ಲಗೆ ಸುತ್ತುತ್ತಿದ್ದವು. ಗಾಳಿ ಇರಲಿಲ್ಲ. ಅಂದರೆ ಕಸ ಆಗಲೇ ಸಡಿಲವಾಗಿ, ತೂಬು ನೀರು ಎಳೆಯಲು ಶುರುಮಾಡಿತ್ತು. ಎಳೆಯುವ ತೂಬಿಗೆ ಇಳಿಯಬಾರದು ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ನನ್ನ ಕಣ್ಣು ನೋಡಿತ್ತು, ಕಾಲು ತಿಳಿದು ನಿಂತಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅರ್ಧ ಬೋಳಿಸಿದ ತಲೆಯಲ್ಲೇ ಎದ್ದು ತಮ್ಮನ ಹೆಂಡತಿಯ ಹತ್ತಿರ ಹೋದೆ. ಹೇಳದೆ ಇರಲಾಗಲಿಲ್ಲ.

"ಅಂಜಿನಮ್ಮ, ತೂಬು ಎಳೀತಿದ್ದಿದ್ದು ನಂಗೆ ಗೊತ್ತಿತ್ತು ಕಣವ್ವ."

ಅವಳು ತಲೆಯೆತ್ತಿದಳು. "ಗೊತ್ತಿದ್ದೂ ಕಳ್ಸಿದ್ಯಾ ಭಾವ?"

"ಗೊತ್ತೈತೆ ಅನ್ನೋದೇ ಗೊತ್ತಿರ್ಲಿಲ್ಲ ಕಣವ್ವ," ಅಂದೆ. ನನ್ನ ಕಿವಿಗೇ ಅದು ಸುಳ್ಳಾಗಿ ಕೇಳಿಸಿತು.

ಅಂಜಿನಮ್ಮ ಎದ್ದು ಒಳಗೆ ಹೋದಳು. ಆರು ವರ್ಷವಾಯಿತು, ನನ್ನ ಮುಖ ನೋಡಿ ಮಾತಾಡಿಲ್ಲ.