ಅಂಚಿನ ಮಡಿಕೆಯಲ್ಲಿ ಹಳದಿ

ಈ ಚಳಿಗಾಲಕ್ಕೆ ಕಡುಗೆಂಪಂತೆ. ಮೊಮ್ಮಗಳು ಹಿಬಾ ಫೋನು ನೋಡುತ್ತ ಹೇಳಿದಳು, ಏನೋ ರಾಜಾಜ್ಞೆ ಬಂದ ಹಾಗೆ. ಹೋದ ವರ್ಷ ಕೊಂಡ ಹಸಿರು ಕೋಟು ಆಗಲೇ ಮೂಲೆ ಸೇರಿದೆ. ಚೆನ್ನಾಗಿ ಬೈಯೋಣ ಅನ್ನಿಸಿತು. ಆದರೆ ನಮ್ಮಮ್ಮನ ಹೊಟ್ಟೆಯಲ್ಲಿ ಹುಟ್ಟಿ, ಇವಳನ್ನು ಬೈಯೋ ಮುಖ ನನಗೆಲ್ಲಿದೆ?

ನಮ್ಮ ಫೆಸ್ ಪಟ್ಟಣಕ್ಕೆ ಆಗೆಲ್ಲ ವರ್ಷದ ಬಣ್ಣ ಬರುತ್ತಿದ್ದುದು ಕಾಸಾಬ್ಲಾಂಕಾದಿಂದ, ಲಲ್ಲಾ ಬತೂಲಳ ಮೈಮೇಲೆ. ಅವಳು ದೊಡ್ಡಪ್ಪನ ಹೆಂಡತಿ, ಅಮ್ಮನ ಓರಗಿತ್ತಿ. ಮೊದಲ ಚಳಿ ಬಿದ್ದ ಕೂಡಲೇ ಜಲ್ಲಾಬ ಅನ್ನೋ ಹೊಸ ನಿಲುವಂಗಿ ತೊಟ್ಟು ಬಂದಿಳಿಯುತ್ತಿದ್ದಳು. ತಲೆಯ ಟೊಪ್ಪಿಗೆಯಿಂದ ಪಾದದವರೆಗೆ ಒಂದೇ ಬಣ್ಣದ ಉಣ್ಣೆ. ಹಮ್ಮಾಮಿನಲ್ಲಿ ಹೆಂಗಸರು ನೀರು ಹುಯ್ದುಕೊಳ್ಳೋದು ಬಿಟ್ಟು ಅದನ್ನೇ ಮಾತಾಡೋರು. ಅವಳು ಬಂದ ವಾರದೊಳಗೆ ಅಮ್ಮನ ಮೈಮೇಲೂ ಅದೇ ಬಣ್ಣ. ಲಲ್ಲಾ ಬತೂಲ್ ಮೂತಿ ಸೊಟ್ಟ ಮಾಡಿ, ಏನೇ ರಹ್ಮಾ, ನಿನ್ನ ಗಂಡ ಚಪ್ಪಲಿ ಹೊಲೀತಾನೋ ಚಿನ್ನ ಕಾಯಿಸ್ತಾನೋ ಅಂತ ಕೇಳುತ್ತಿದ್ದಳು. ಅಮ್ಮ ನಗುತ್ತಿದ್ದಳು ಅಷ್ಟೆ.

ಹೊಸದು ಎಲ್ಲಿಂದ ಬರಬೇಕು! ಅಮ್ಮನ ಹತ್ತಿರ ಇದ್ದದ್ದು ಮದುವೆಯಲ್ಲಿ ಅಪ್ಪ ಕೊಡಿಸಿದ ಒಂದೇ ಒಂದು ಬಿಳಿ ಜಲ್ಲಾಬ. ಅದನ್ನೇ ಬಣ್ಣಗಾರರ ಬೀದಿಯ ಮುದುಕ ಬಾ ಅಲ್ಲಾಲನ ಕಡಾಯಿಯಲ್ಲಿ ಅದ್ದಿಸಿ ಅದ್ದಿಸಿ ಹೊಸದು ಮಾಡಿಕೊಳ್ಳುತ್ತಿದ್ದಳು. ಈ ಗುಟ್ಟು ಓರಗಿತ್ತಿಗೆ ತಿಳಿದುಬಿಟ್ಟರೆ ತಲೆ ಎತ್ತಿ ಓಡಾಡೋದು ಹೇಗೆ ಅನ್ನೋದೊಂದೇ ಅವಳ ಚಿಂತೆ. ಹಾಗಾಗಿ ಹೊತ್ತು ತರೋ ಕೆಲಸ ಅಪ್ಪನದು. ಬುಟ್ಟಿಯ ತಳದಲ್ಲಿ ಒದ್ದೆ ಜಲ್ಲಾಬ, ಮೇಲೆ ಮಾರೋ ಚಪ್ಪಲಿ. ಒಂದು ಸಲ ಬಣ್ಣ ಹತ್ತಿ ಹಳದಿ ಚಪ್ಪಲಿಗಳೆಲ್ಲ ಮಚ್ಚೆ ಮಚ್ಚೆಯಾದವು. ಅಪ್ಪ ಬೆಪ್ಪಾಗಲಿಲ್ಲ. ಕಾಸಾಬ್ಲಾಂಕಾದಲ್ಲಿ ಈಗ ಇದೇ ನಡೀತಿರೋದು ಅಂತ ಹೇಳಿ ಅಷ್ಟನ್ನೂ ಮಾರಿ ಬಂದ.

ಮೊದಲು ಹಳದಿ, ಆಮೇಲೆ ಇಟ್ಟಿಗೆ ಕೆಂಪು, ಆಮೇಲೆ ದಾಳಿಂಬೆಯ ಕಡುಗೆಂಪು. ಅಲ್ಲಿವರೆಗೂ ದೇವರು ನಮ್ಮ ಕಡೆ ಇದ್ದ. ಮರುವರ್ಷ ಬಂತು ನೋಡಿ, ಆಕಾಶ ನೀಲಿ. ಬಾ ಅಲ್ಲಾಲ ಹಣೆ ಚಚ್ಚಿಕೊಂಡು, ಕಡುಗೆಂಪಿನ ಮೇಲೆ ತಿಳಿನೀಲಿ ಹೇಗಮ್ಮ ಕೂರುತ್ತೆ, ಬಣ್ಣ ಹಿಂದಕ್ಕೆ ಬರಲ್ಲ ಅಂದ. ಅಮ್ಮ ಕೇಳಬೇಕಲ್ಲ! ಅದ್ದು ಅಂದಳು, ಅದ್ದಿದ. ಹೊರಗೆ ಬಂದದ್ದು ಬದನೆಕಾಯಿ ಬಣ್ಣ. ಲಲ್ಲಾ ಬತೂಲ್ ಇಡೀ ಬೀದಿಗೆ ಕೇಳುವಂತೆ ನಕ್ಕಳು. ಅಮ್ಮ ರೋಷದಲ್ಲಿ ಅದನ್ನು ಕರಿ ಮಾಡಿಸಿಬಿಟ್ಟಳು. ಮುಂದಿನ ವರ್ಷದ ಬಣ್ಣ ಯಾವುದು ಗೊತ್ತಾ? ಬದನೆಕಾಯಿಯದೇ. ಆ ಚಳಿಗಾಲವೆಲ್ಲ ನಮ್ಮ ಅಡುಗೆಮನೆಗೆ ಬದನೆಕಾಯಿ ಬರಲಿಲ್ಲ.

ಕರಿಯ ಮೇಲೆ ಇನ್ಯಾವ ಬಣ್ಣ? ಬರೋ ವರ್ಷ ಹೊಸ ಬಿಳಿ ಉಣ್ಣೆ ತರ್ತೀನಿ, ಮತ್ತೆ ಹಳದಿಯಿಂದ ಶುರು ಮಾಡು ಅಂತ ಅಪ್ಪ ಅಮ್ಮನನ್ನು ಛೇಡಿಸುತ್ತಿದ್ದ. ತಂದೂ ತಂದ. ಅಮ್ಮ ವರ್ಷದ ಬಣ್ಣದ ಸುದ್ದಿ ಕಾಯುತ್ತ ಅದನ್ನು ಹಾಗೇ ಮಡಿಸಿಟ್ಟಿದ್ದಳು. ಅಷ್ಟರಲ್ಲಿ ಅಂಗಡಿಯಲ್ಲಿ ಕೂತಿದ್ದ ಹಾಗೇ ಅಪ್ಪ ಹೋಗಿಬಿಟ್ಟ. ನಮ್ಮಲ್ಲಿ ಗಂಡ ಸತ್ತವಳು ಸೂತಕ ಕಳೆಯುವವರೆಗೆ ಉಡೋದು ಬಿಳಿ. ಆ ಉಣ್ಣೆ ಬಣ್ಣವನ್ನೇ ಕಾಣದೆ ಅಮ್ಮನ ಮೈಮೇಲೆ ಬಂತು. ಅಮ್ಮ ಅಳಲಿಲ್ಲ. ಅದನ್ನು ಕಂಡೇ ನನಗೆ ಹೆದರಿಕೆಯಾಗುತ್ತಿತ್ತು.

ಮಣ್ಣಿಗೆ ದೊಡ್ಡಪ್ಪನೊಬ್ಬನೇ ಬಂದಿದ್ದ, ಲಲ್ಲಾ ಬತೂಲ್ ಜ್ವರದಲ್ಲಿ ಮಲಗಿದ್ದಳು. ಅವಳು ಬಂದದ್ದು ನಲವತ್ತನೇ ದಿನದ ಊಟಕ್ಕೆ. ಬಾಗಿಲು ತೆಗೆದೆ. ಬಿಳಿ ಜಲ್ಲಾಬ, ಬಿಳಿ ಚಪ್ಪಲಿ! ಆ ವರ್ಷ ಕಾಸಾಬ್ಲಾಂಕಾದಲ್ಲಿ ಬಿಳಿ. ಅದು ವಿಧವೆ ಉಡೋ ಬಣ್ಣ ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಒಳಗೆ ಕಾಲಿಟ್ಟದ್ದೇ ತಡ, ಕಣ್ಣು ಮಂಜಾದ ಒಬ್ಬ ಅಜ್ಜಿ ಅವಳ ಕೊರಳಿಗೆ ಬಿದ್ದು, ಗಂಡನನ್ನು ಕಳಕೊಂಡೆಯಲ್ಲೇ ಮಗಳೇ ಅಂತ ಗೋಳಾಡಿದಳು. ಅವಳ ಹಿಂದೆ ಮತ್ತಿಬ್ಬರು. ನನ್ನ ಗಂಡ ಗಟ್ಟಿಯಾಗಿದ್ದಾನೆ ಅನ್ನುತ್ತ ಲಲ್ಲಾ ಬತೂಲ್ ಕೊರಳು ಬಿಡಿಸಿಕೊಂಡಳು. ಅಪಶಕುನ ಅಂತ ಮುಖ ಬೆಳ್ಳಗಾಯಿತು. ಹಾಕಿಕೊಳ್ಳಲು ಬೇರೆ ಏನಾದರೂ ಕೊಡೇ ಅಂತ ಅಮ್ಮನ ಕೈ ಹಿಡಿದಳು.

ಮನೆಯಲ್ಲಿ ಬೇರೆ ಇದ್ದದ್ದು ಆ ಕರಿಯದೊಂದೇ. ಪಕ್ಕದ ಕೋಣೆಗೆ ತಂದು ತೊಡಿಸಿದೆ. ಲಲ್ಲಾ ಬತೂಲ್ ಉದ್ದದ ಹೆಂಗಸು, ಮೊಣಕಾಲ ಕೆಳಗೆಲ್ಲ ಕಾಣುತ್ತಿತ್ತು.

"ಅಂಚು ಬಿಚ್ಚು," ಅಂದಳು ಅಮ್ಮ.

ನಾನು ಅವಳ ಮುಖ ನೋಡಿದೆ. ಅಂಚು ಸವೆದಾಗಲೆಲ್ಲ ಒಳಕ್ಕೆ ಮಡಚಿ ಹೊಲಿದವಳು ಅವಳೇ. ಒಳಮಡಿಕೆಗೆ ಬಣ್ಣ ಸರಿಯಾಗಿ ಹತ್ತಿರಲಿಲ್ಲ ಅಂತ ಅವಳಿಗೆ ಗೊತ್ತು.

"ಬಿಚ್ಚೇ."

ಬಿಚ್ಚಿದೆ. ಬದನೆ ಬಣ್ಣ, ಕಡುಗೆಂಪು, ಇಟ್ಟಿಗೆ, ಕೊನೆಗೆ ಬೆರಳಗಲ ಹಳದಿ. ಲಲ್ಲಾ ಬತೂಲ್ ಬಗ್ಗಿ ಒಂದೊಂದನ್ನೇ ಮುಟ್ಟಿದಳು. ಎಲ್ಲವೂ ಅವಳು ತಂದ ಬಣ್ಣಗಳೇ.

"ಇದೊಂದೇನಾ ರಹ್ಮಾ? ನೀನು ವರ್ಷವರ್ಷ ಹೊಸದು ಹೊಲಿಸ್ತೀಯ, ನಿನಗಿಂತ ಕಡಿಮೆ ಆಗಬಾರದು ಅಂತ ನಾನು ಗಂಡನ ಪ್ರಾಣ ಹಿಂಡ್ತಿದ್ದೆನಲ್ಲೇ."

"ಒಂದೇ ಲಲ್ಲಾ. ಅವರು ಚಪ್ಪಲಿ ಬುಟ್ಟಿಯಲ್ಲಿ ಬಚ್ಚಿಟ್ಟು ಹೊತ್ತು ತರ್ತಿದ್ರು. ಇನ್ನು ಹೊತ್ತು ತರೋರಿಲ್ಲ. ಗುಟ್ಟು ಇಟ್ಕೊಂಡು ಏನು ಮಾಡ್ಲಿ?"

ಆಗ ಅಮ್ಮ ಅತ್ತಳು. ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು. ಹಜಾರದಲ್ಲಿ ಹೆಂಗಸರು ಕುಸ್‌ಕುಸ್ ತಟ್ಟೆಗೆ ಅಮ್ಮನನ್ನು ಕರೆಯುತ್ತಿದ್ದರು. ಲಲ್ಲಾ ಬತೂಲ್ ಕದ ಮುಚ್ಚಿ, ನನ್ನ ಹತ್ತಿರ ಸೂಜಿದಾರ ಕೇಳಿದಳು. ಜಲ್ಲಾಬ ಗಿಡ್ಡವಾದರೆ ಆಗಲಿ ಅಂತ, ಆ ಅಂಚನ್ನು ಮೊದಲಿನ ಹಾಗೇ ಒಳಕ್ಕೆ ಮಡಚಿ, ಯಾರಿಗೂ ಏನೂ ಕಾಣದ ಹಾಗೆ ತಾನೇ ಕೂತು ಹೊಲಿದಳು.