ಜೋಡಿ ಗುಂಡು

ಸಿದ್ದಾಪುರದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಬೊಳ್ಳಪ್ಪನಿಗೆ ಆ ಭಾನುವಾರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಮಗಳು ದಮಯಂತಿ ಇಟಲಿಯಿಂದ ರೇಡಿಯೋದಲ್ಲಿ ಹಾಡುವವಳಿದ್ದಳು! ಎಸ್ಟೇಟಿನ ಹಿಂದಿನ ದೊರೆಸಾನಿ ಪಿಯಾನೋ ಮುಂದೆ ನಿಲ್ಲಿಸಿ ಹಾಡು ಕಲಿಸಿ, ತನ್ನ ಇಟಲಿಗೆ ಹೊರಟಾಗ ಜೊತೆಗೇ ಕರೆದೊಯ್ದ ಹುಡುಗಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಈಗ ಅವಳಿಗೆ ಒಪೆರಾದಲ್ಲಿ ಮೊದಲ ದೊಡ್ಡ ಪಾರ್ಟು ಸಿಕ್ಕಿತ್ತು. ಒಪೆರಾ ಎಂದರೆ ಪೂರಾ ಹಾಡಿನಲ್ಲೇ ನಡೆಯುವ ನಾಟಕ.

ತಾಯಿಯಿಲ್ಲದ ಅವಳನ್ನು ಸಾಕಿದ್ದು ಬೊಳ್ಳಪ್ಪನ ಅವ್ವ ಹೊನ್ನಮ್ಮ. ಬೊಳ್ಳಪ್ಪ ಅವ್ವನನ್ನು ಎಸ್ಟೇಟ್ ಬಂಗಲೆಯ ವರಾಂಡದಲ್ಲಿ ರೇಡಿಯೋ ಪಕ್ಕ ಕೂರಿಸಿದ. ಗೊರಗೊರ ಸದ್ದಿನ ನಡುವೆ ದನಿ ಬಂದದ್ದೇ ತಡ, “ನಮ್ಮ ಗೂಡೆ! ನಮ್ಮ ಗೂಡೆನೇ!” ಎಂದು ಮುದುಕಿ, ತನ್ನ ಹುಡುಗಿಯನ್ನೇ ಸವರುವಂತೆ ರೇಡಿಯೋವನ್ನು ಸವರಿದಳು. ಮೊಮ್ಮಗಳ ದನಿ ಏರಿತು, ಏರಿತು, ಚೀರಿತು. ಢಂ! ಢಂ!

ಆಮೇಲೆ ದನಿಯೇ ಇಲ್ಲ.

ನಾಟಕದಲ್ಲಿ ಗಂಡ ಹೆಂಡತಿಗೆ ಗುಂಡು ಹೊಡೆಯುತ್ತಾನೆಂದು ಮಗಳು ಮೊದಲೇ ಬರೆದಿದ್ದಳು. ಅವ್ವನಿಗೆ ಹೇಳಲು ಈ ಪುಣ್ಯಾತ್ಮ ಮರೆತಿದ್ದ! ಒಂದೇ ಗುಂಡಾಗಿದ್ದರೆ, ಯಾರ ಮನೆಯಲ್ಲೋ ಗಂಡು ಹುಟ್ಟಿತು ಎಂದು ಅಜ್ಜಿ ನಗುತ್ತಿದ್ದಳೇನೋ. ಕೊಡಗಿನಲ್ಲಿ ಜೋಡಿ ಗುಂಡು ಹಾರಿಸುವುದು ಸಾವಿಗೆ. ಹೊನ್ನಮ್ಮ ಎದೆ ಬಡಿದುಕೊಂಡು ಗೋಳೋ ಎಂದಳು. ಜನರ ಚಪ್ಪಾಳೆಯಾದರೂ ಕೇಳಲಿ ಎಂದು ಬೊಳ್ಳಪ್ಪ ರೇಡಿಯೋದ ಕಿವಿ ತಿರುಗಿಸಿದ, ಸ್ಟೇಷನ್ನೇ ಹೊರಟುಹೋಯಿತು.

“ಅವ್ವಾ, ಅದ್ ನಾಟಕ! ಗೂಡೆ ಗಟ್ಟಿಮುಟ್ಟಾಗಿ ಉಟ್ಟು!” ಮಗಳು ಚೆನ್ನಾಗಿಯೇ ಇದ್ದಾಳೆ ಎಂದು ಬೊಳ್ಳಪ್ಪ ಬಡಬಡಿಸಿದ.

“ಹೊಡ್ದದ್ ಕೋವಿ ತಾನೆ? ಕೋವೀಲಿ ಎಂತ ನಾಟಕ?”

ಮಗಳಿಗೆ ತಂತಿ ಕೊಟ್ಟು ಮರುತಂತಿ ತರಿಸಿದ. “ನಾನು ಕ್ಷೇಮ” ಎಂದು ಓದಿದ.

“ಓದುದ್ ನೀನ್. ನಂಗೆ ಸಮಾಧಾನ ಮಾಡಿಕೆ ಎಂತ ಬೇಕಾರೂ ಓದಿಯ.”

ಫೋಟೋ ತೋರಿಸಿದ. “ಇದ್ ಮೊದ್ಲೇ ತೆಗ್ದದ್” ಎಂದು ಪಕ್ಕಕ್ಕಿಟ್ಟಳು. ಒಮ್ಮೆ ಬಂದು ಹೋಗು ಎಂದು ಮಗಳಿಗೆ ಬರೆದ. ಎರಡು ವರ್ಷ ಕಂಪನಿ ಬಿಡುವಂತಿಲ್ಲ, ಬಿಟ್ಟರೆ ಮತ್ತೆ ಯಾರೂ ಹಾಡಲು ಕರೆಯುವುದಿಲ್ಲ ಎಂದು ಅವಳು ಅತ್ತುಕೊಂಡು ಉತ್ತರ ಬರೆದಳು. ಆ ಉತ್ತರ ಕೈಸೇರುವ ಮೊದಲೇ, ಹನ್ನೊಂದನೇ ದಿನ ಹೊನ್ನಮ್ಮ ಬಾಳೆಲೆ ಹಾಸಿ, ಮೊಮ್ಮಗಳಿಗೆ ಇಷ್ಟವಾದ ಕಡುಬು ಬಡಿಸಿ ಎಡೆ ಇಟ್ಟಳು. ಬದುಕಿರುವ ಮಗಳ ಎಡೆಯ ಮುಂದೆ ಬೊಳ್ಳಪ್ಪ ಕೈಮುಗಿದು ನಿಂತ. ಅಯ್ಯೋ, ಇನ್ನೇನು ಮಾಡಿಯಾನು!

ಅಷ್ಟರಲ್ಲಿ ದಮಯಂತಿ ಕಂಪನಿಯವರ ಕಾಲಿಗೆ ಬೀಳುವುದೊಂದು ಬಾಕಿ, ಗೋಗರೆದು ಸಾಯದ ಪಾರ್ಟು ಕೇಳಿ ಪಡೆದಳು. ನಾಲ್ಕು ತಿಂಗಳಿಗೆ ಅದೂ ರೇಡಿಯೋದಲ್ಲಿ ಬಂತು. ಮದುವೆಯ ನಾಟಕ, ಕೋವಿಯ ಸುದ್ದಿಯೇ ಇಲ್ಲ. ಮಗಳು ನಕ್ಕು ನಕ್ಕು ಹಾಡಿದಳು. ಬೊಳ್ಳಪ್ಪ ಅವ್ವನ ಮುಖವನ್ನೇ ನೋಡಿದ.

ಹಾಡು ಮುಗಿಯಿತು. ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಯಾರ ಮನೆ ಗೂಡೆನೋ, ಚೆಂದ ಹಾಡ್ತುಟು. ನಮ್ಮದ್ ಇದ್ದಿದ್ರೆ ಹಿಂಗೇ ಹಾಡ್ತಿತ್ತ್.”

ಹದಿನೈದು ದಿನಕ್ಕೆ ಮಗಳ ಕಾಗದ ಬಂತು. ಅಜ್ಜಿ ಕೇಳಿದರಾ? ಏನೆಂದರು? ಬೊಳ್ಳಪ್ಪ ಪೆನ್ನು ತೆಗೆದ. ಹೀಗೆ ಬರೆದ: “ಕೇಳಿದರು. ಚೆಂದ ಹಾಡುತ್ತದೆ ಎಂದರು.”